ಸಮುದ್ರ ಸುತ್ತಿ ಬಂದವರ ಊಟ

ತಂಗಿಯ ಮಗಳು ಗಂಡನೊಡನೆ ಈಜಿಪ್ಟ್, ಟರ್ಕಿ, ಇಟಲಿ ಸುತ್ತಿಕೊಂಡು ಬಂದು ನನಗೊಂದು ಆಲಿವ್ ಕಾಯಿಯ ಬಾಟಲಿ ಕೊಟ್ಟಿದ್ದಾಳೆ. ಹೊತ್ತಲ್ಲದ ಹೊತ್ತಿನಲ್ಲಿ ನಾನು ಏನನ್ನೂ ಬಾಯಿಗೆ ಹಾಕುವವಳಲ್ಲ. ನಿನ್ನೆ ಮಾತ್ರ ನೇಮ ಮುರಿದು ಒಂದನ್ನು ಕಚ್ಚಿದೆ. ಉಪ್ಪು, ಒಗರು, ಹಿಂದೆಯೇ ಕಹಿ. "ಬೇವಿನಕಾಯಿ ಉಪ್ಪಿನ್ಯಾಗ ಹಾಕಿಟ್ಟಂಗ ಇರ್ತದ ನೋಡವಾ" ಎಂದು ಇದರ ರುಚಿಯನ್ನು ನನಗೆ ಮೊದಲು ಹೇಳಿದವರು ಜೈನಬ್ ಆಪಾ, ನಮ್ಮ ಅಡಿಗೆಮನೆಯಲ್ಲಿ ಉಣ್ಣುತ್ತ.

ಕಲಬುರಗಿಯ ಮೋಮಿನಪುರದ ಅಂಚಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರ ಯಜಮಾನರು ವಕೀಲರು. ಮಕ್ಕಳಿಲ್ಲ. ದುಡಿದದ್ದರಲ್ಲಿ ಲೋಕವನ್ನಾದರೂ ನೋಡೋಣವೆಂದು ಗಂಡ ಹೆಂಡತಿ ಹಜ್ ಮುಗಿಸಿ ಅಲ್ಲಿಂದಲೇ ಇಸ್ತಾಂಬುಲ್, ಇಟಲಿ, ಅವರ ಮಾತಿನಲ್ಲಿ ಮಿಸರವಾದ ಈಜಿಪ್ಟ್ ಎಂದು ತಿಂಗಳುಗಟ್ಟಲೆ ತಿರುಗಿದರು. ನಿಜಾಮರ ರಾಜ್ಯದಿಂದ ಹೊರಟವರು ತಿರುಗಿ ಬರುವಷ್ಟರಲ್ಲಿ ಭಾರತದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆಗಿ, ಆಳುವವರೇ ಬದಲಾಗಿದ್ದರು.

ಕಮಲಾಪುರದಲ್ಲಿ ಅದಕ್ಕಿಂತ ದೊಡ್ಡದು ಆಗಿತ್ತು. ತವರಿನವರೆಂದು ಆಪಾಗೆ ಉಳಿದಿದ್ದ ಒಬ್ಬನೇ ತಮ್ಮ ಖಾದರ್ ಅಲ್ಲಿ ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದ. ನಿಜಾಮರ ಪರ ನಿಂತಿದ್ದ ರಜಾಕಾರರ ಅನ್ಯಾಯಕ್ಕೆ ಸೇಡು ತೀರಿಸುತ್ತೇವೆಂದು ಹೊರಟ ಗುಂಪೊಂದು, ಆ ರಜಾಕಾರರ ಹತ್ತಿರವೂ ಸುಳಿಯದ ಅವನನ್ನು ತೋಟದಲ್ಲೇ ಕಡಿದು ಹಾಕಿತ್ತು. ತಿರುಗಾಟದಲ್ಲಿದ್ದವರಿಗೆ ತಿಳಿಸುವುದಾದರೂ ಯಾವ ಊರಿಗೆ?

ನಮ್ಮ ಅತ್ತೆಯವರದು ಗಡಿಯಾರದಂಥ ಸಂಸಾರ; ನೀವೂ ಅಂಥ ಮನೆಯನ್ನು ಕಂಡಿರಬಹುದು. ಹೊಸ ಸೊಸೆಯಾದ ನನ್ನನ್ನು ತಿದ್ದಿದವರು ಅವರೇ. ದಾರಿ ನಡೆದು ಬಂದವರಿಗೆ ಮೊದಲು ನೀರು, ಆಮೇಲೆ ಊಟ, ಕೈ ತೊಳೆದ ಮೇಲೆಯೇ ಸಾವಿನ ಸುದ್ದಿ ಎಂಬುದು ಅವರ ನೇಮಗಳಲ್ಲೊಂದು. ದಂಪತಿ ಸ್ಟೇಷನ್ನಿನಿಂದ ಬಂದು ಟಾಂಗಾ ಇಳಿದ ಮಧ್ಯಾಹ್ನ ಮಾವನವರು ವಕೀಲರನ್ನು ಪಡಸಾಲೆಯಲ್ಲಿ ಊಟಕ್ಕೆ ಕೂಡಿಸಿದರು. ಅತ್ತೆ ಆಪಾನ ಕೈ ಹಿಡಿದು ಒಳಗೆ ಕರೆತಂದು, ಒಲೆಯ ಎದುರೇ ಮಣೆ ಹಾಕಿದರು. ನಾನು ರೊಟ್ಟಿ ಬಡಿಯುತ್ತಿದ್ದೆ.

ಕೂತದ್ದೇ ತಡ, ಆಪಾನ ಮಾತು ಸುರುವಾಯಿತು. "ಖಾದರ್‌ಗ ಕುಚ್ಚಿನ ಕೆಂಪು ರೂಮಿ ಟೋಪಿ ತರೋಣಂತ ಇಸ್ತಾಂಬುಲ್‌ನ್ಯಾಗ ಕೇಳಿದ್ರ ಅಂಗಡ್ಯಾವ ನಕ್ಕುಬಿಟ್ಟ. ಇಲ್ಲಿ ಅದನ್ನ ಹಾಕ್ಕೊಂಡ್ರ ಪೊಲೀಸ್ರು ಹಿಡೀತಾರ ಅಂದ! ಕಡೀಕ ತಿರುಗಿ ಬರೂಮುಂದ ಮಿಸರದಾಗ ಸಿಕ್ತು."

ನಗು ಬಂತು, ನಕ್ಕೆ. ಅತ್ತೆ ನೋಡಿದ ನೋಟಕ್ಕೆ ತಲೆ ತಗ್ಗಿಸಿ ಹಿಟ್ಟು ನಾದಿದೆ.

ಬೇವಿನಕಾಯಿಯ ಮಾತೂ ಆಗಲೇ ಬಂದದ್ದು. ಅದನ್ನು ಹೇಳುತ್ತ ರೊಟ್ಟಿ ಮುರಿದ ಆಪಾ ಸುತ್ತ ಕಣ್ಣಾಡಿಸಿದರು. ಒಲೆ, ಜಗುಲಿಯ ದೇವರು, ಕುಡಿಯುವ ನೀರಿನ ಕೊಡ.

"ಅವ್ವಾರ, ಇಷ್ಟ ವರ್ಷ ನನಗ ಪಡಸಾಲ್ಯಾಗ ಬಡಿಸೀರಿ. ಇವತ್ತ ಒಳಗ ಯಾಕ ಕರದ್ರಿ?"

"ದಣದು ಬಂದೀದಿ, ಉಣ್ಣು ಮಗಳ" ಎಂದರು ಅತ್ತೆ.

ಮರುಕದಿಂದ ಮಾಡಿದ ಆ ಒಂದು ತಪ್ಪು ಎಲ್ಲವನ್ನೂ ಹೇಳಿಬಿಟ್ಟಿತ್ತು. ಕೈ ತೊಳೆಯುವ ತನಕ ಸುದ್ದಿಯಿಲ್ಲ ಎಂಬ ಅತ್ತೆಯ ನೇಮ ಆಪಾಗೂ ಗೊತ್ತಿತ್ತು. ಅವರು ಉಣ್ಣತೊಡಗಿದರು.

"ಇನ್ನೊಂದು ಹಾಕವಾ."

ಹಾಕಿದೆ. ಸಮುದ್ರದ ನೀಲಿಯ ಮಾತು ಬಂತು. ಬೆಂಕಿ ಉಗುಳುವ ಗುಡ್ಡದ ಬುಡದಲ್ಲೇ ದ್ರಾಕ್ಷಿ ಬೆಳೆಯುವ ಜನರ ಮಾತು ಬಂತು. "ಇನ್ನೊಂದು." ಒಂದೊಂದು ತುತ್ತನ್ನೂ ನೀರು ಕುಡಿದು ಇಳಿಸುತ್ತಿದ್ದರು. ಪಲ್ಯ ಮುಗಿಯಿತು, ಬರಿಯ ರೊಟ್ಟಿ ತಿಂದರು. ಪಡಸಾಲೆಯಲ್ಲಿ ವಕೀಲರ ಊಟ ಮುಗಿದಿರಬೇಕು. "ಯಾ ಅಲ್ಲಾ" ಎಂದದ್ದು ಗೋಡೆ ದಾಟಿ ಕೇಳಿಸಿತು. ಆಪಾ ನನ್ನ ಮುಖ ನೋಡಲಿಲ್ಲ. ರೊಟ್ಟಿಯ ಬುಟ್ಟಿ ನೋಡಿದರು.

"ಇನ್ನೊಂದು ಅದ ಏನು?"

ಹಿಟ್ಟು ತೀರಿತ್ತು. ನಾದುವ ಪರಾತ ಬಗ್ಗಿಸಿ ತೋರಿಸಿದೆ.

ಅವರು ತಾಟಿನಲ್ಲೇ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಅತ್ತೆಯ ಕಡೆ ತಿರುಗಿದರು. "ಈಗ ಹೇಳ್ರಿ. ಹೆಂಗ ಹೋದ ಖಾದರ್?"

ಅತ್ತೆಯ ಉಳಿದೆಲ್ಲ ನೇಮಗಳನ್ನು ನಾನು ಇಟ್ಟುಕೊಂಡೆ, ಅದೊಂದನ್ನು ಬಿಟ್ಟೆ. ಯಾರೇ ಪ್ರಯಾಣದಿಂದ ಬರಲಿ, ಹೊಸ್ತಿಲಲ್ಲೇ ನಿಲ್ಲಿಸಿ "ಎಲ್ಲಾರೂ ಚಲೋ ಇದ್ದಾರ" ಎನ್ನುತ್ತೇನೆ; ನೀರು ಆಮೇಲೆ. ಮೊನ್ನೆ ತಂಗಿಯ ಮಗಳಿಗೂ ಹಾಗೆಯೇ ಹೇಳಿದೆ.

"ದೊಡ್ಡವ್ವಾ, ದಿನಾ ಫೋನಿನ್ಯಾಗ ಮಾತಾಡೀವಿ, ಮತ್ತ ಇದೇನು!" ಎಂದು ನಕ್ಕಳು. ಅವಳ ಗಂಡನೂ ನಕ್ಕ.

ನಗಲಿ. ಆ ಮಾತನ್ನು ಸುಳ್ಳಿಲ್ಲದೆ ಹೇಳಲಾಗದ ದಿನ ಈ ಹೊಸ್ತಿಲಿಗೂ ಬರುತ್ತದೆ. ಅಂದು ಬಾಗಿಲಲ್ಲಿ ನಿಂತು ಏನು ಹೇಳಬೇಕೆಂಬುದಕ್ಕೆ ನನ್ನಲ್ಲಿ ನೇಮವಿಲ್ಲ. ಮನೆಯಲ್ಲಿ ಹಿಟ್ಟು ಸಾಕಷ್ಟಿರಬೇಕು. ಅಷ್ಟು ಮಾತ್ರ ಗೊತ್ತು.