ರೇಡಿಯೊ ಕಾಕಾ ಕೇಳಿದ್ದು

ಅವರ ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ನುಣ್ಣಗಿದ್ದವು. ನಲವತ್ತು ವರ್ಷ ಬೆಸುಗೆಯ ಬಿಸಿ ಸೀಸ ತಾಗಿ ತಾಗಿ ಅಲ್ಲಿಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಅವರನ್ನು ಎಂದೂ ಒಪ್ಪುತ್ತಿರಲಿಲ್ಲ. "ನಾ ಜೀವಂತ ಅದೇನಿ ಅಂದ್ರ ಮಷೀನ್ ನಂಬಂಗಿಲ್ರಿ. ನಮ್ಮಾಕಿ ಬಂದು ಹೆಬ್ಬಟ್ಟ ಒತ್ತಿದ್ರ ನಂಬತೈತಿ" ಎಂದು ಆ ಎರಡು ಬೆರಳನ್ನು ಎತ್ತಿ ತೋರಿಸಿ ನಗುತ್ತಿದ್ದರು.

ಹುಕ್ಕೇರಿಯಲ್ಲಿ ಅವರದೊಂದು ಸಣ್ಣ ರಿಪೇರಿ ಅಂಗಡಿ. ಮೊದಲು ರೇಡಿಯೊ, ಆಮೇಲೆ ಟಿವಿ, ಕೊನೆಕೊನೆಗೆ ಕಂಪ್ಯೂಟರು. ಯಾವುದನ್ನು ರಿಪೇರಿ ಮಾಡಿದರೂ ಜನರ ಬಾಯಲ್ಲಿ ಅವರು ರೇಡಿಯೊ ಕಾಕಾ ಆಗಿಯೇ ಉಳಿದರು. ನಮ್ಮ ಮಾವನವರು ಹಿಂದೆ ಹುಕ್ಕೇರಿಯ ಸಾಲೆಯಲ್ಲಿ ಮಾಸ್ತರರಾಗಿದ್ದಾಗ ಆದ ಗೆಳೆತನ. ನಾನು ಅವರನ್ನು ಕಂಡದ್ದು ಬಹಳ ತಡವಾಗಿ, ನಮ್ಮವರು ತೀರಿಕೊಂಡ ವರ್ಷ.

ನಮ್ಮವರಿಗೆ ಅರಭಾವಿಯ ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ಜನವರಿಯ ಒಂದು ಸೋಮವಾರ ನಮ್ಮೂರು ಮೂಡಲಗಿಯ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಗೋಕಾಕಿನ ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಹದಿನೈದನೆಯ ದಿನ ನಾನು ನನ್ನ ಹೈಸ್ಕೂಲಿಗೆ ಹೋಗಿ ಗಣಿತ ಕಲಿಸತೊಡಗಿದೆ. ಸಂಜೆ ಬಂದು ರೊಟ್ಟಿ ಬಡಿಯುತ್ತಿದ್ದೆ. "ಗಟ್ಟಿ ಹೆಣ್ಮಗಳು" ಎಂದರು ಎಲ್ಲರೂ. ಗಟ್ಟಿತನವೇನೂ ಇರಲಿಲ್ಲ. ಕೈಮೇಲೆ ಮಲಗಿ ಎದ್ದಾಗ ಆ ಕೈ ಕಣ್ಣಿಗೆ ಕಾಣುತ್ತದೆ, ನಮ್ಮದೇ ಎಂದು ಗೊತ್ತಿರುತ್ತದೆ, ಚಿವುಟಿದರೆ ಮಾತ್ರ ನೋಯುವುದಿಲ್ಲವಲ್ಲ, ನಾನು ಪೂರ್ತಿ ಹಾಗಾಗಿದ್ದೆ.

ನಮ್ಮ ಪಡಸಾಲೆಯಲ್ಲಿ ಟಿವಿಯ ಕೆಳಗೆ ಒಂದು ಕಪ್ಪು ಕಂಪ್ಯೂಟರ್ ಡಬ್ಬಿ ಇತ್ತು. ನಮ್ಮವರು ಗೋಕಾಕಿನಿಂದ ಒಂದೊಂದೇ ಸಾಮಾನು ತಂದು, ಎರಡು ತಿಂಗಳು ರವಿವಾರಗಳಲ್ಲಿ ಕೂತು ಜೋಡಿಸಿದ್ದು. ಮಾಳಿಗೆ ಮೇಲಿನ ಡಿಶ್‌ನ ವಾಯರು ನೇರ ಆ ಡಬ್ಬಿಗೆ ಬರುತ್ತಿತ್ತು. ಚಾನೆಲ್ಲು, ಫೋಟೊ, ರೆಕಾರ್ಡ್ ಮಾಡಿಟ್ಟ ಕಾರ್ಯಕ್ರಮ ಎಲ್ಲವೂ ಒಂದೇ ರಿಮೋಟಿನಲ್ಲಿ. ಆ ಬೇಸಿಗೆಯ ಹೊತ್ತಿಗೆ ಟಿವಿ ತಡವರಿಸತೊಡಗಿತು. ಸುದ್ದಿ ಓದುವವಳ ತುಟಿ ತೆರೆದದ್ದು ತೆರೆದೇ ಇರುತ್ತಿತ್ತು, ಬಳಿಕ ನಾಲ್ಕು ಮಾತು ಜಿಗಿದು ಮುಂದೆ ಹೋಗುತ್ತಿತ್ತು. ಕುಸ್ತಿಯಲ್ಲಿ ಎತ್ತಿದ ಪೈಲವಾನ ಗಾಳಿಯಲ್ಲೇ ನಿಲ್ಲುತ್ತಿದ್ದ. ಕಣ್ಣು ಮಿಟುಕಿಸಿದರೆ ನೆಲದ ಮೇಲಿರುತ್ತಿದ್ದ, ಬಿದ್ದದ್ದು ಯಾರಿಗೂ ಕಾಣುತ್ತಿರಲಿಲ್ಲ. ಮಾವನವರು ಮುಂಜಾನೆಯಿಂದ ಸಂಜೆತನಕ ಅದರ ಮುಂದೆ ಕೂತಿರುತ್ತಿದ್ದರು. ಮಗ ಹೋದ ಮೇಲೆ ಅವರ ಮಾತೇ ನಿಂತಿತ್ತು.

ಗೋಕಾಕಿನಿಂದ ಒಬ್ಬ ಕಂಪ್ಯೂಟರಿನವನು ಬಂದು ಹತ್ತು ನಿಮಿಷ ನೋಡಿ, "ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕ್ರಿ ಮ್ಯಾಡಂ, ಒಂದ್ ತಾಸಿನ ಕೆಲಸ" ಎಂದ. ನಾನು ಹೂಂ ಎಂದೆ. ಏನು ಕೇಳಿದ್ದರೂ ಆಗ ಹೂಂ ಅನ್ನುತ್ತಿದ್ದೆ.

"ಬ್ಯಾಡ" ಎಂದರು ಮಾವನವರು. ಅವನೆದುರು ಅವರಾಡಿದ ಮಾತು ಅದೊಂದೇ. ಅವನು ಹೋದ ಮೇಲೆ ಫೋನು ತೆಗೆದುಕೊಂಡು ಹುಕ್ಕೇರಿಗೆ ಹಚ್ಚಿದರು.

ಗುರುವಾರ ಕಾಕಾನ ಅಂಗಡಿ ಬಂದ್. ಘಟಪ್ರಭಾದಲ್ಲಿ ಬಸ್ ಬದಲಿಸಿ, ಹೆಗಲಿಗೆ ಚೀಲ ಹಾಕಿಕೊಂಡು ಸಂಜೆ ನಾನು ಸಾಲೆಯಿಂದ ಬರುವ ಹೊತ್ತಿಗೆ ಬಂದು ಕೂತಿದ್ದರು. ಮನೆಗೆ ಬಂದವರೆಲ್ಲ ಮೊದಲು ಆಡುತ್ತಿದ್ದ ಮಾತುಗಳನ್ನು ಅವರೂ ಆಡುತ್ತಾರೆಂದು ಬಾಗಿಲಲ್ಲಿ ನಿಂತೆ. ಅವರು ಟಿವಿಯನ್ನೇ ನೋಡುತ್ತಿದ್ದರು.

"ಅಕ್ಕೋರ, ಇದು ಯಾವಾಗಿಂದ ಹಿಂಗ ಮಾಡಾಕತ್ತೈತ್ರಿ?"

"ಗೊತ್ತಿಲ್ರಿ."

"ಎಲ್ಲಾ ಚಾನೆಲ್ಲಿನಾಗೂ ಹಿಂಗೋ, ಒಂದೆರಡ್ರಾಗ ಅಷ್ಟೋ?"

"ಗೊತ್ತಿಲ್ರಿ."

"ರೆಕಾರ್ಡ್ ಮಾಡಿದ್ದ ಹಚ್ಚಿದ್ರ ಚಲೋ ಓಡತೈತೇನ್ರಿ?"

"ನಾ ನೋಡಿಲ್ರಿ ಕಾಕಾರ."

"ಹಂಗಾರ ನೋಡ್ರಿ" ಎಂದರು. ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. ಆ ಸಂಜೆ ಡಬ್ಬಿಯ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ನನ್ನಿಂದ ಒಂದು ಹಳೆಯ ನೋಟ್‌ಬುಕ್ ಇಸಿದುಕೊಂಡು ಗೆರೆ ಎಳೆದರು. ವಾರ, ವೇಳೆ, ಚಾನೆಲ್, ಎಷ್ಟು ಸಲ ನಿಂತಿತು. "ಇದನ್ನ ತುಂಬಸ್ರಿ. ಮುಂದಿನ ಗುರುವಾರ ಬರ್ತೇನಿ."

ಆ ಎರಡು ತಿಂಗಳಲ್ಲಿ ನನ್ನಿಂದ ಏನನ್ನಾದರೂ ಕೇಳಿದವರು ಅವರೊಬ್ಬರೇ. ಉಳಿದವರೆಲ್ಲ ನನಗೆ ಹೇಳಲು ಬರುತ್ತಿದ್ದರು. ಧೈರ್ಯ ತಗೋ, ದೇವರ ಇಚ್ಛೆ, ಮಾವನ ಮುಖ ನೋಡಿ ಬದುಕು. ನಾನು ಪೆನ್ನು ಹಿಡಿದು ಟಿವಿ ಮುಂದೆ ಕೂತೆ. ಸೋಮವಾರ, ಏಳು ಗಂಟೆ, ಸುದ್ದಿ, ಎರಡು ಸಲ. ಬರೆಯುವುದು ಸುಲಭವಾಗಿತ್ತು. ಅದಕ್ಕೆ ಮನಸ್ಸು ಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ನಾನು ಸಾಲೆಗೆ ಹೋದಾಗ ಮಾವನವರು ಬರೆಯತೊಡಗಿದರು, ಮಾಸ್ತರಿಕೆಯ ದುಂಡು ಅಕ್ಷರಗಳಲ್ಲಿ.

ಎರಡನೆಯ ಗುರುವಾರ ಕಾಕಾ ಅದನ್ನೋದಿ ಮಾವನವರ ಮೇಲೆ ಹರಿಹಾಯ್ದರು. "ಮಾಸ್ತರ, 'ಬಹಳ ತೊಂದರೆ' ಅಂತ ಬರದೀರಿ. ಬಾಳ ಅಂದ್ರ ಎಷ್ಟ? ಹುಡುಗ್ರು ಲೆಕ್ಕಕ್ಕ 'ಬಾಳ' ಅಂತ ಉತ್ತರಾ ಬರದ್ರ ಮಾರ್ಕ್ಸ್ ಕೊಡ್ತಿದ್ರೇನು?"

"ಎಣಸಾಕ ಆಗೂದಿಲ್ಲೋ, ಸುಮ್ಮನ ನಿಲ್ಲತೈತಿ!"

"ಎಣಸ್ರಿ. ಕೂತ ಏನ್ ಮಾಡ್ತೀರಿ?"

ಎಷ್ಟೋ ದಿನಗಳ ಮೇಲೆ ನಮ್ಮ ಪಡಸಾಲೆಯಲ್ಲಿ ದನಿ ಏರಿದ್ದು ಅಂದು. ಆ ಸಂಜೆ ಕಾಕಾ ಮಾಳಿಗೆ ಹತ್ತಿ ಡಿಶ್‌ನ ತುಕ್ಕು ಹಿಡಿದ ಜೋಡಣೆಯೊಂದನ್ನು ಬದಲಿಸಿದರು. ಅಷ್ಟು ದೂರದಿಂದ ಬಂದಿದ್ದೀರಿ, ಒಳಗಿನ ವಾಯರೂ ಬದಲಿಸಿಬಿಡಿ ಎಂದೆ. "ಒಂದ್ ಸಲಕ್ಕ ಒಂದ ರಿಪೇರಿ, ಅಕ್ಕೋರ. ಎರಡ ಕೂಡೇ ಮಾಡಿದ್ರ ಯಾವದರಿಂದ ನೆಟ್ಟಗಾತು ಅಂತ ತಿಳಿಯಂಗಿಲ್ಲ. ತಿಳೀಲಿಲ್ಲಂದ್ರ ಅದು ರಿಪೇರಿ ಅಲ್ಲ, ನಸೀಬ." ಅದರಿಂದ ಏನೂ ಸುಧಾರಿಸಲಿಲ್ಲ. ಮೂರನೆಯ ವಾರ ಡಬ್ಬಿ ಬಿಚ್ಚಿ, ಬಣ್ಣ ಬಳಿಯುವ ಕುಂಚದಿಂದ ಫ್ಯಾನಿನ ಧೂಳು ತೆಗೆದರು. ಸದ್ದು ಕಡಿಮೆಯಾಯಿತು, ತಡವರಿಸುವುದು ಹಾಗೇ ಇತ್ತು. "ಇದೂ ಅಲ್ಲ" ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಮಾಡಬೇಕಾದ ಕೆಲಸವೊಂದು ಮುಗಿದವರ ಹಾಗೆ ಸಮಾಧಾನದಿಂದ ಚಹಾ ಕುಡಿದರು.

ನಾಲ್ಕನೆಯ ಗುರುವಾರ ಸಾಲೆಗೆ ಸೂಟಿ ಬಿದ್ದಿತ್ತು. ಅವರು ಮಧ್ಯಾಹ್ನವೇ ಬಂದರು. ಊಟಕ್ಕೆ ಕರೆದರೆ ಚೀಲದಿಂದ ತಮ್ಮ ರೊಟ್ಟಿ, ಶೇಂಗಾ ಹಿಂಡಿ ತೆಗೆದರು. "ನಮ್ಮಾಕಿ ಕಟ್ಟಿ ಕೊಟ್ಟಾಳ್ರಿ. ಹೊಳ್ಳಿ ಒಯ್ದ್ರ ಬೈತಾಳ." ಉಂಡು, ಕನ್ನಡಕ ಹಾಕಿಕೊಂಡು, ನೋಟ್‌ಬುಕ್ಕನ್ನು ಮೊದಲಿನಿಂದ ಓದಿದರು. ನಾನು ಬರೆದ ಪುಟಗಳಲ್ಲಿ ಎರಡು, ಮೂರು. ಮಾವನವರು ಬರೆದ ಮಧ್ಯಾಹ್ನದ ಸಾಲುಗಳಲ್ಲಿ ಮೂವತ್ತು, ಮೂವತ್ತೈದು.

"ಎರಡರಿಂದ ಮೂರರ ಮಟಾ ಸಾಯತೈತಿ. ದಿನಾ. ರವಿವಾರ ಅಷ್ಟ ಇಲ್ಲ" ಎಂದರು.

"ರವಿವಾರ ಟಿವಿಗೂ ಸೂಟಿ ಏನೋ?" ಎಂದರು ಮಾವನವರು.

"ಯಾರೂ ಏನೂ ಮುಟ್ಟಬ್ಯಾಡ್ರಿ. ಎರಡ ಆಗ್ಲಿ."

ಮೂವರೂ ಕೂತೆವು. ಗಡಿಯಾರದಲ್ಲಿ ಎರಡಾಯಿತು. ಡಬ್ಬಿಯ ಮೂಲೆಯಲ್ಲಿ ಒಂದು ಸಣ್ಣ ಕೆಂಪು ದೀಪ ಹೊತ್ತಿತು. ಸುದ್ದಿ ಓದುವವಳು ಬಾಯಿ ತೆರೆದು ನಿಂತಳು.

"ಯಾವದೋ ರೆಕಾರ್ಡ್ ಮಾಡಾಕತ್ತೈತಿ ಇದು" ಎಂದರು ಕಾಕಾ. ರಿಮೋಟ್ ಒತ್ತಿ ಒಳಗಿನ ಪಟ್ಟಿ ತೆರೆದರು. ಹಳೆಯ ಹಾಡುಗಳ ಕಾರ್ಯಕ್ರಮ. ಸೋಮವಾರದಿಂದ ಶನಿವಾರ, ಮಧ್ಯಾಹ್ನ ಎರಡಕ್ಕೆ. ಡಿಸೆಂಬರಿನಿಂದ ಮೊದಲಾಗಿ ಆ ದಿನದವರೆಗೆ ಒಂದರ ಕೆಳಗೊಂದು. ನೇರ ಪ್ರಸಾರ ಅನ್ನುವುದನ್ನೂ ಈ ಡಬ್ಬಿ ಮೊದಲು ತನ್ನ ಡಿಸ್ಕಿನಲ್ಲಿ ಬರೆದುಕೊಂಡು ಆಮೇಲೆ ತೋರಿಸುತ್ತದೆ, ಆ ಡಿಸ್ಕು ಈಗ ಕಂಠಮಟ್ಟ ತುಂಬಿದೆ ಎಂದು ತಿಳಿಸಿದರು. "ಹೊಟ್ಟಿ ಬಿರದೈತಿ. ಅದರಾಗ ಎರಡ್ ಕಡೆಯಿಂದ ತುತ್ತ ಹಾಕಾಕತ್ತೇವಿ. ಹೆಂಗ ನುಂಗತೈತಿ ಪಾಪ? ಇದನ್ನ ಹಚ್ಚಿದವ್ರು ಯಾರ್ರಿ?"

ನನಗೆ ಗೊತ್ತಿತ್ತು. ಡಿಸೆಂಬರಿನಲ್ಲಿ ಒಂದು ದಿನ ಭಾಂಡೆ ತೊಳೆಯುತ್ತ ಅಂದಿದ್ದೆ, "ಮಧ್ಯಾಹ್ನ ಎರಡಕ್ಕ ಎಂಥಾ ಚಲೋ ಹಾಡ ಬರ್ತಾವು, ನಾ ಸಾಲ್ಯಾಗ ಇರ್ತೇನಿ" ಅಂತ. ಅವರು ಪೇಪರಿನಿಂದ ಮುಖ ಕೂಡ ಎತ್ತಿರಲಿಲ್ಲ. ಈಗ ನೋಡಿದರೆ ಪಟ್ಟಿಯಲ್ಲಿ ಜನವರಿಯ ಆ ಸೋಮವಾರವೂ ಇತ್ತು, ಹಿಂದಿನ ಶನಿವಾರ ಮುಂದಿನ ಮಂಗಳವಾರಗಳ ನಡುವೆ, ಬೇರೆ ಯಾವ ಗುರುತೂ ಇಲ್ಲದೆ. ಆ ಎರಡು ಗಂಟೆಗೆ ನಾನು ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ.

"ನಮ್ಮವ್ರು" ಎಂದೆ. "ನನಗಂತ."

ಮಾವನವರು ಎದ್ದು ಹಿತ್ತಲಿಗೆ ಹೋದರು. ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏನ್ ಮಾಡೂಣ್ರಿ ಅಕ್ಕೋರ?"

"ನೀವ ಹೇಳ್ರಿ."

"ಮಷೀನಿಂದ ಕೇಳಿದ್ರ ಹೇಳ್ತೇನಿ. ಇನ್ನೊಂದ್ ಡಿಸ್ಕ್ ಹಾಕೂಣು, ಟಿವಿ ಅದರಾಗ ಓಡ್ಲಿ. ಇದರಾಗಿಂದ ನಾ ಒಂದೂ ಒರಸಂಗಿಲ್ಲ. ದಿನಾ ರೆಕಾರ್ಡ್ ಆಗೂದು ನಡೀಬೇಕೋ, ನಿಲ್ಲಬೇಕೋ, ಅದು ನಿಮ್ಮದು." ಪಟ್ಟಿಯತ್ತ ಬೊಟ್ಟು ಮಾಡಿ ಕೇಳಿದರು, "ಇದರಾಗ ಒಂದರ ನೋಡೀರೇನ್ರಿ?"

"ಇಲ್ರಿ."

ಮೂರು ಹೊಡೆದು ಕೆಂಪು ದೀಪ ಆರಿದ ಮೇಲೆ ಮೊಟ್ಟಮೊದಲನೆಯದನ್ನು ಹಚ್ಚಿದರು. ಎಲ್ಲೂ ತಡವರಿಸದೆ ಓಡಿತು. ಒಂದು ಹಾಡು ಪೂರ್ತಿ ಕೇಳಿದೆ. ಅಳು ಬಂದೀತೆಂದು ಕಾದೆ. ಬರಲಿಲ್ಲ. ಕಾಕಾ ನನ್ನ ಮುಖ ನೋಡಲಿಲ್ಲ, ಹಾಡನ್ನೇ ಕೇಳುತ್ತಿದ್ದರು. ಮುಗಿದ ಮೇಲೆ ನಾನು "ಇದ್ದದ್ದು ಇರ್ಲಿ. ಇನ್ ಮುಂದ ಬ್ಯಾಡ" ಎಂದೆ. ಅವರು ರಿಮೋಟನ್ನು ನನ್ನ ಕೈಗೆ ಕೊಟ್ಟು ಯಾವ ಗುಂಡಿ ಎಂದಷ್ಟೇ ತೋರಿಸಿದರು. ಒತ್ತಿದೆ.

ಮರುವಾರ ಹೊಸ ಡಿಸ್ಕು ಬಂತು. ಎತ್ತಿದ ಪೈಲವಾನ ನಮ್ಮ ಕಣ್ಣೆದುರೇ ಕೆಳಗೆ ಬಂದ. "ಬಿದ್ದ!" ಎಂದು ಮಾವನವರು ಕುರ್ಚಿಯ ಕೈ ಬಡಿದರು. ರಿಪೇರಿ ಮುಗಿದರೂ ಕಾಕಾ ಆಗಾಗ ಗುರುವಾರ ಬರುತ್ತಿದ್ದರು. ಇಬ್ಬರು ಮುದುಕರೂ ಕುಸ್ತಿ ನೋಡುತ್ತ ಜಗಳಾಡುತ್ತಿದ್ದರು. ನನಗೆ ಅವರು ಒಮ್ಮೆಯೂ ಧೈರ್ಯ ಹೇಳಲಿಲ್ಲ. ಬಂದಾಗಲೆಲ್ಲ ಏನಾದರೊಂದು ಕೇಳುತ್ತಿದ್ದರು. ಹತ್ತನೆಯ ತರಗತಿಯವರಿಗೆ ಯಾವ ಪಾಠ ನಡೆದಿದೆ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತಿದೆ, ಹಾಡು ಎಲ್ಲಿಯವರೆಗೆ ಕೇಳಿದಿರಿ. ನಾನು ಉತ್ತರ ಹೇಳಬೇಕಾಗುತ್ತಿತ್ತು. ಹೇಳಬೇಕೆಂದರೆ ನೋಡಿರಬೇಕಾಗುತ್ತಿತ್ತು. ಹಾಗೆ ನೋಡುತ್ತ ನೋಡುತ್ತ ಎರಡು ವರ್ಷ ಕಳೆದೆ.

ಈ ಸಲದ ಪರೀಕ್ಷೆಯ ದಿನಗಳಲ್ಲಿ ಅವರ ಮಗಳ ಫೋನು ಬಂತು. ನಿದ್ದೆಯಲ್ಲೇ ಹೋಗಿದ್ದರಂತೆ. ನನಗೆ ರಜೆ ಸಿಗಲಿಲ್ಲ, ಐದನೆಯ ದಿನ ಹುಕ್ಕೇರಿಗೆ ಹೋದೆ. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಸುತ್ತ ಕೂತ ಹೆಂಗಸರು ಒಬ್ಬರಾದ ಮೇಲೊಬ್ಬರು ಸಮಾಧಾನ ಹೇಳಿ ಎದ್ದುಹೋದರು. ಎಲ್ಲ ನನಗೆ ಬಾಯಿಪಾಠವಿದ್ದ ಮಾತುಗಳು.

"ಅವ್ವ ಮಾತಾಡವಲ್ಲಳ್ರಿ. ಯಾರ ಜೋಡಿನೂ" ಎಂದಳು ಮಗಳು, ಮೆಲ್ಲಗೆ.

ಒಲೆಯ ಮೇಲೆ ಹಾಲಿತ್ತು. ನಾನು ಅದರ ಉರಿ ಹಚ್ಚಿ, ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ಕಾಕೂ, ಚಾಪುಡಿ ಎಲ್ಲೈತ್ರಿ?"

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಮ್ಯಾಲಿನ ಫಳಿ ಮ್ಯಾಲ. ಹಳದಿ ಡಬ್ಬಿ" ಎಂದರು.

"ಸಕ್ಕರಿ?"

"ಅದರ ಬಾಜೂಕ."

"ನಿಮಗ ಎಷ್ಟ ಹಾಕ್ಲಿ?"

"ಅರ್ಧಾ ಚಮಚಾ ಸಾಕು." ಆಮೇಲೆ ಅಂದರು, "ಅವರಿಗೆ ಎರಡ ಬೇಕಾಗ್ತಿತ್ತು. ಒಂದೂವರೆ ಹಾಕಿದ್ರ ಗುರುತ ಹಿಡೀತಿದ್ರು ನೋಡ..."

ನಾನು ಹೋಗಿ ಅವರ ಬಳಿ ಕೂತೆ. ಅವರು ಹೇಳುತ್ತಲೇ ಹೋದರು. ಒಳಗೆ ಹಾಲು ಉಕ್ಕಿದ ಸದ್ದಾಯಿತು. ಮಗಳು ಓಡಿದಳು. ನಾನು ಏಳಲಿಲ್ಲ.