ಲಾವಂಚ ಕಟ್ಟಿದ ಮೋಟಾರು

ನಿಜಾಮರ ಆಳ್ವಿಕೆ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ಜಾಗೀರುದಾರರ ಮನೆಯೊಂದರಿಂದ ಹಳೆಯ ಮೋಟಾರು ಕೊಂಡು ಮಸ್ಕಿ, ಸಿಂಧನೂರು, ಲಿಂಗಸುಗೂರಿನ ನಡುವೆ ಬಾಡಿಗೆಗೆ ಓಡಿಸುತ್ತಿದ್ದೆ. ಅದರ ನಾಲ್ಕೂ ಕಿಟಕಿಗೆ ಲಾವಂಚದ ಬೇರಿನ ತಟ್ಟಿಗಳಿದ್ದವು. ನೀರು ಚಿಮುಕಿಸಿ ಕಟ್ಟಿದರೆ ಬೇಸಿಗೆಯಲ್ಲೂ ಒಳಗೆ ತಂಪು ಎಂದು ಮಾರಿದವರು ಹೇಳಿದ್ದರು. ನಾನು ಒಮ್ಮೆಯೂ ಕಟ್ಟಿ ನೋಡದೆ ಊರೆಲ್ಲ ಡಂಗುರ ಸಾರಿಕೊಂಡು ಬಂದೆ. ನನ್ನ ಬಾಯಿ ಯಾವಾಗಲೂ ನನಗಿಂತ ಮುಂದೆ ಓಡುತ್ತದೆ.

ಆ ಬೇಸಿಗೆಯಲ್ಲಿ ತಂಗಿ ಹೆರಿಗೆಗೆಂದು ತವರಿಗೆ, ಮಸ್ಕಿಗೆ ಬಂದಿದ್ದಳು. ಎಂಟು ತಿಂಗಳು. ಹಿಂದೆ ಎರಡು ಸಲ ಕೂಸು ಉಳಿದಿರಲಿಲ್ಲ. ಎರಡನೆಯ ಸಲ ಲಿಂಗಸುಗೂರಿನ ಆಸ್ಪತ್ರೆಗೆ ಎತ್ತಿನ ಚಕ್ಕಡಿಯಲ್ಲಿ ಹೋಗುವಾಗ ಬಿಸಿಲಿಗೆ ದಾರಿಯಲ್ಲೇ ಎಚ್ಚರ ತಪ್ಪಿದ್ದಳು. ಮತ್ತೆ ಬಸಿರಾದರೆ ಎಂಟನೇ ತಿಂಗಳಿಂದ ವಾರವಾರ ಬರಬೇಕೆಂದು ಡಾಕ್ಟರಮ್ಮ ಆಗಲೇ ಹೇಳಿದ್ದರು. ಇವಳು ಮಾತ್ರ "ಆ ದಾರೀಲೆ ನಾ ಹೋಗಂಗಿಲ್ಲ" ಎಂದು ಪಟ್ಟು ಹಿಡಿದಿದ್ದಳು. ಯಾರಾದರೂ ಕೂಸಿನ ಮಾತೆತ್ತಿದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. "ನನ್ನ ಮೋಟಾರ್ದಾಗ ಬಿಸಲು ಒಳಗ ಬರಂಗಿಲ್ಲ" ಎಂದು ಆಣೆ ಮಾಡಿ ಅವಳನ್ನು ಒಪ್ಪಿಸಿದೆ.

ಬೆಳಿಗ್ಗೆ ಹೊರಟೆವು. ಹಿಂದೆ ಅವಳು, ಪಕ್ಕದಲ್ಲಿ ಅವ್ವ. ಬಿಸಿಗಾಳಿ ಎಳೆಯಷ್ಟೂ ನುಸುಳದಂತೆ ನಾಲ್ಕೂ ತಟ್ಟಿಗಳನ್ನು ಬಿಗಿದಿದ್ದೆ. ಸಂತೆಕಲ್ಲೂರು ಬರುವಷ್ಟರಲ್ಲಿ ಮುಚ್ಚಿದ ಗಡಿಗೆಯೊಳಗೆ ಕೂತಂತೆ ಬೆವೆತುಹೋದೆವು.

"ಅಣ್ಣಾ, ಉಸಿರು ಕಟ್ಟಾಕತ್ತೈತಿ. ಹೊಳ್ಳಿ ಹೋಗೂಣು" ಎಂದಳು ತಂಗಿ.

ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಅವಳು ಇಳಿದು ನೆರಳಿನಲ್ಲಿ ಕೂತಳು, ನನ್ನ ಕಡೆ ನೋಡಲಿಲ್ಲ. ನಾನು ಮೊದಲು ತಟ್ಟಿಯನ್ನು ಮೂಸಿದೆ. ಬೇರಿನ ಘಮ ಚೆನ್ನಾಗಿಯೇ ಇತ್ತು, ನೀರೂ ಇನ್ನೂ ತೊಟ್ಟಿಕ್ಕುತ್ತಿತ್ತು. ಕಾಲ ಬಳಿಯ ತೂತುಗಳಿಂದ ಇಂಜಿನ್ನಿನ ಕಾವು ಬರುತ್ತಿದೆ ಎಂದು ಅಲ್ಲಿ ಒದ್ದೆ ಗೋಣಿಚೀಲ ತುರುಕಿದೆ. ಒಂದಿಷ್ಟು ದೂರ ಓಡಿಸಿ ಬಂದರೆ ಏನೂ ಫರಕಿಲ್ಲ. ತಟ್ಟಿಯ ಸಂದುಗಳಿಗೂ ಅರಿವೆ ತುರುಕಿ ಇನ್ನೊಂದು ಸುತ್ತು ಹಾಕಿದೆ. ಸೆಖೆ ಹೆಚ್ಚಾಯಿತು. ಸಿಟ್ಟಿಗೆ ಗಾಲಿಗೆ ಒದ್ದೆ. ಗಾಲಿಗೇನೂ ಆಗಲಿಲ್ಲ.

ಅವ್ವ ಒಳಗೆ ಕೂತು ತಟ್ಟಿಯ ಮುಂದೆ ಅಂಗೈ ಹಿಡಿದಳು.

"ಗಾಳೀನ ಆಡವಲ್ದು. ಎಲ್ಲಾ ಮುಚ್ಚಿಟ್ಟೀದಿ. ಒಳಗಿನ ಧಗಿ ಹೊರಗ ಹೋಗಾಕ ದಾರಿ ಎಲ್ಲೈತಿ? ಮನ್ಯಾಗ ಮಾಳಗಿ ಮ್ಯಾಲ ಬೆಳಕಿಂಡಿ ಯಾಕ ಬಿಟ್ಟಾರ?"

"ಯವ್ವಾ, ಇದು ಮೋಟಾರಬೇ, ಮನಿ ಅಲ್ಲ."

"ಗಾಳಿಗೆ ಅದು ಗೊತ್ತೈತೇನು?"

ತುರುಕಿದ ಅರಿವೆ, ಗೋಣಿಚೀಲಗಳನ್ನೆಲ್ಲ ಕಿತ್ತೆ. ಗಾಳಿ ಎಡಗಡೆಯಿಂದ ಬೀಸುತ್ತಿತ್ತು. ಆ ಕಡೆಯ ತಟ್ಟಿಗಳನ್ನು ಹಾಗೇ ಬಿಟ್ಟು, ಬಲಗಡೆ ಹಿಂದಿನದನ್ನು ಬಿಚ್ಚಿ ಗಾಜನ್ನು ನಾಲ್ಕು ಬೆರಳು ಸಂದು ಉಳಿಯುವಂತೆ ಏರಿಸಿದೆ. ತಂಗಿಯ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತೆ.

"ನನ್ನ ಆಣಿ ಸುಳ್ಳಾತು ತಂಗೀ. ಇನ್ನೊಮ್ಮೆ ಕುಂತು ನೋಡು. ಆಗದಿದ್ರ ನಾನ ಹೊಳ್ಳಿ ಕರ್ಕೊಂಡು ಹೋಗ್ತೀನಿ."

ಅವಳು ನನ್ನ ಹೆಗಲ ಮೇಲೆ ಕೈಯೂರಿ ಎದ್ದಳು.

ಮೋಟಾರು ಓಡತೊಡಗಿದ ಮೇಲೆ ನನ್ನ ಕುತ್ತಿಗೆಗೆ ಸಣ್ಣ ತಂಪು ತಾಗಿತು. ಭ್ರಮೆಯೇನೋ ಎಂದುಕೊಂಡೆ. ಆಮೇಲೆ ಅದು ನಿಲ್ಲದೆ ಬರತೊಡಗಿತು, ಲಾವಂಚದ ವಾಸನೆಯ ಸಮೇತ. ಹೇಗಿದೆ ಎಂದು ಕೇಳಲು ಧೈರ್ಯ ಸಾಲಲಿಲ್ಲ. ಒಂದು ತಿರುವಿನಲ್ಲಿ ಹೊರಳಿ ನೋಡಿದರೆ ತಂಗಿ ಅವ್ವನ ಹೆಗಲಿಗೊರಗಿ ನಿದ್ದೆ ಹೋಗಿದ್ದಳು. ಅಲ್ಲಿಂದ ಮುಂದೆ ತಗ್ಗುದಿನ್ನೆಗಳನ್ನೆಲ್ಲ ಉಸಿರು ಬಿಗಿಹಿಡಿದು ದಾಟಿದೆ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಎಲ್ಲ ಸರಿಯಿದೆ, ಮುಂದಿನ ವಾರ ಬನ್ನಿ ಎಂದರು. ತಂಗಿ ಏನೆನ್ನುತ್ತಾಳೋ ಎಂಬ ಹೆದರಿಕೆಗೆ ನಾನು ಹೊರಗೆ ಬಂದು ಚರಿಗೆಯಿಂದ ತಟ್ಟಿಗೆ ನೀರು ಹಾಕುತ್ತ ನಿಂತೆ. ಅವಳು ನಿಧಾನಕ್ಕೆ ಬಂದು ಮೋಟಾರಿಗೆ ಆತುಕೊಂಡಳು.

"ಮುಂದಿನ ವಾರ ಲಗೂನ ಮೋಟಾರು ತಗದಿಡು ಅಣ್ಣಾ. ಯವ್ವ, ನಾನು, ಕೂಸು, ಮೂರೂ ಮಂದಿ ತಯಾರಿರ್ತೀವಿ."

ಕೂಸು ಎಂಬ ಮಾತನ್ನು ಆ ಬೇಸಿಗೆಯಲ್ಲಿ ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನನಗೆ ಅಳು ತಡೆಯಲಾಗಲಿಲ್ಲ. ಚರಿಗೆಯಲ್ಲಿ ಉಳಿದಿದ್ದ ನೀರನ್ನು ಮುಖಕ್ಕೆ ಸುರಿದುಕೊಂಡೆ.