ಎಡೆಯ ಪಕ್ಕದ ಸೆಟ್

ನನ್ನ ಯಜಮಾನರು ಕೋಣನಕುಂಟೆಯಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದರು. ಟಿವಿಗಳು ಗೋಡೆಗೆ ಅಂಟಿಕೊಳ್ಳುವಷ್ಟು ತೆಳ್ಳಗಾದ ಮೇಲೂ ಅವರ ಬಾಯಲ್ಲಿ ಅದು ‘ಸೆಟ್ಟೇ’. ಒಮ್ಮೆ ಎಲ್ಲಿಂದಲೋ ದಪ್ಪನೆಯ ಹಳೆ ಇಂಗ್ಲಿಷ್ ನಿಘಂಟು ಹೊತ್ತು ತಂದು ಆ ಪದ ಹುಡುಕಿದರು. ಪುಟ ತಿರುವಿದರು, ಇನ್ನೊಂದು ತಿರುವಿದರು, ಮುಗಿಯಲಿಲ್ಲ.

“ಮೂರಕ್ಷರದ ಪದ ಕಣೇ. ನಮ್ಮಪ್ಪನ ಜಮೀನಿಗಿಂತ ಜಾಸ್ತಿ ಜಾಗ ಹಿಡ್ಕೊಂಡಿದೆ!”

ಅಲ್ಲಿಂದ ಶುರುವಾಯಿತು. ಮೊಸರು ಸೆಟ್ ಆಯ್ತಾ ಎಂದರೆ ಒಂದರ್ಥ, ಅಲಾರಂ ಸೆಟ್ ಮಾಡು ಎಂದರೆ ಇನ್ನೊಂದು, ಮೈದುನನಿಗೆ ಹುಡುಗಿ ಸೆಟ್ ಆದಳಾ ಎಂದರೆ ಮತ್ತೊಂದು. ಭಾನುವಾರ ಸೆಟ್ ದೋಸೆ ತಿನ್ನುತ್ತಲೂ ಪಾಠ. ಆ ಪದದ ಬೇರು ‘ಕೂರಿಸು’ ಎಂಬುದಂತೆ. ಗುಂಪು ಎನ್ನುವ ಅರ್ಥದ ಸೆಟ್ ಮಾತ್ರ ಬೇರೆ ಕಡೆಯದು, ಲ್ಯಾಟಿನ್ನಿಂದ ಬಂದು ಇದರ ಜೊತೆ ಸೇರಿಕೊಂಡಿತಂತೆ. “ನೀನು ಹೊಸಕೆರೆಹಳ್ಳಿಯಿಂದ ಬಂದು ನಮ್ಮನೆ ಸೇರ್ಕೊಂಡಂಗೆ” ಎಂದು ನಗುತ್ತಿದ್ದರು. ನಕ್ಕಾಗ ಕಾಣುತ್ತಿದ್ದದ್ದೂ ಸೆಟ್ಟೇ, ಕಟ್ಟಿಸಿದ ಹಲ್ಲಿನದು.

ಅವರು ತೀರಿಕೊಂಡಾಗ ಆಸ್ಪತ್ರೆಯವರು ಆ ಹಲ್ಲಿನ ಸೆಟ್ಟನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಮನೆಗೆ ಬಂದು ಅವರ ಸ್ಟೀಲ್ ಲೋಟದಲ್ಲಿಟ್ಟೆ. ಬೆಳಿಗ್ಗೆ ಎದ್ದು ನೀರು ಬದಲಿಸುವುದು ಮೊದಲೂ ನನ್ನದೇ ಕೆಲಸ. ಬಿಡಲಾಗಲಿಲ್ಲ.

ಹನ್ನೊಂದನೆಯ ದಿನ ನನ್ನ ಗಂಡನ ಅಕ್ಕನ ಕಣ್ಣಿಗೆ ಆ ಲೋಟ ಬಿತ್ತು.

“ಅಯ್ಯೋ ಶಿವನೇ! ಸತ್ತೋರ ಹಲ್ಲು ಮನೇಲಿ ಮಡಗ್ತಾರೇನೇ? ಸಂಜೆ ಬಟ್ಟೆ ಜೊತೆ ಇದನ್ನೂ ನೀರಿಗೆ ಬುಟ್ಬುಡ್ಬೇಕು.”

ಅಂಗಿ, ಪಂಚೆ, ಚಪ್ಪಲಿ ಎಲ್ಲಕ್ಕೂ ತಲೆಯಾಡಿಸಿದ್ದೆ. ಇದಕ್ಕೆ ಆಡಿಸಲಿಲ್ಲ. ಎದುರು ಮಾತಾಡುವ ಧೈರ್ಯವೂ ಇರಲಿಲ್ಲ.

ತಾರಸಿಯ ಮೇಲೆ ಎಡೆ ಇಟ್ಟೆವು. ಎಲೆಯ ತುಂಬ ಅವರಿಗೆ ಇಷ್ಟವಾದದ್ದು: ಮುದ್ದೆ, ಸಾರು, ನಡುವೆ ಒಂದರ ಮೇಲೊಂದು ಸೆಟ್ ದೋಸೆ. ಕಾಗೆ ಬಂದು ಮುಟ್ಟಿದರೆ ಅವರು ಉಂಡ ಹಾಗೆ. ಅಲ್ಲಿಯವರೆಗೆ ಮನೆಯವರಾರೂ ಊಟಕ್ಕೆ ಕೂರುವಂತಿಲ್ಲ.

ಪಾರಿವಾಳಗಳು ಬಂದವು. ಮೈದುನ ಟವೆಲು ಬೀಸಿ ಓಡಿಸಿದ. ಮತ್ತೆ ಬಂದವು. ಕೊನೆಗೆ ಒಂದು ಕಾಗೆ ಬಂದು ಪಕ್ಕದ ಮನೆಯ ಡಿಶ್ ಆಂಟೆನಾದ ಮೇಲೆ ಕೂತಿತು. ಆ ಆಂಟೆನಾ ಕೂರಿಸಿದ್ದೂ ನಮ್ಮವರೇ. ಕೂತದ್ದು ಇಳಿಯಲೇ ಇಲ್ಲ.

“ಬಾರಣ್ಣ, ಮುದ್ದೆ ಆರೋಯ್ತು” ಎಂದು ಮೈದುನ ಅಂಗಲಾಚಿದ. ಅವನ ಹೊಟ್ಟೆ ಹಸಿದದ್ದು ಎಲ್ಲರಿಗೂ ಕೇಳಿಸುತ್ತಿತ್ತು. “ಟಿವಿ ರಿಮೋಟ್ ತಂದಿಡಾಣ್ವಾ ಅತ್ತಿಗೆ?”

ಅದನ್ನೂ ತಂದಿಟ್ಟ. ಕಾಗೆ ರೆಕ್ಕೆ ಕೆದರಿಕೊಂಡಿತು, ಅಷ್ಟೇ.

“ಏನೋ ಆಸೆ ಉಳಿಸ್ಕೊಂಡವ್ನೆ” ಎಂದ ಅಕ್ಕ, ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡರು. “ಹಲ್ಲೇ ಇಲ್ದೆ ತಿನ್ನಾದು ಹೆಂಗೆ? ತತ್ತಾರೇ ಆ ಸೆಟ್ಟ! ಹಂಗೇ ನೀರಿಗೂ ಹೋಗ್ಲಿ.”

ತಂದೆ. ಎಲೆಯ ಪಕ್ಕದಲ್ಲಿಟ್ಟೆ. ಬಿಸಿಲಿಗೆ ಥಳಥಳ ಹೊಳೆಯಿತು.

ಕಾಗೆ ಇಳಿಯಿತು. ಕುಪ್ಪಳಿಸುತ್ತ ಹತ್ತಿರ ಬಂದು, ಕತ್ತು ಓರೆ ಮಾಡಿ, ತನ್ನನ್ನೇ ನೋಡಿ ಹಲ್ಲು ಕಿರಿಯುತ್ತಿದ್ದ ಆ ಎರಡು ಸಾಲನ್ನು ನೋಡಿತು. ಕಿರುಚಿಕೊಂಡು ಹಾರಿದ್ದು ಆಚೆ ಬೀದಿಯ ನೀರಿನ ಟ್ಯಾಂಕಿನವರೆಗೂ ನಿಲ್ಲಲಿಲ್ಲ.

ಮೊದಲು ನಕ್ಕವನು ಮೈದುನ. “ಏನಣ್ಣ, ಕರ್ದು ಹೆದರಿಸ್ತೀಯಲ್ಲ!” ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ನಗುವೂ ಬಂತು, ಅಳುವೂ ಬಂತು, ಯಾವುದನ್ನು ತಡೆಯುತ್ತಿದ್ದೆನೋ ತಿಳಿಯಲಿಲ್ಲ. ಬಗ್ಗಿ ಸೆಟ್ಟನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಹಿಂದೆ ಸರಿದು ನಿಂತೆ.

ಕಾಗೆ ವಾಪಸು ಬಂತು. ಮುದ್ದೆಯನ್ನು ನೋಡಲಿಲ್ಲ, ಮೇಲಿನ ದೋಸೆಯನ್ನೇ ಕಚ್ಚಿಕೊಂಡು ಹೋಯಿತು.

ಅಕ್ಕ ನನ್ನ ಸೆರಗನ್ನೂ ಮುಖವನ್ನೂ ನೋಡಿದರು.

“ಸರಿ ಬುಡು, ನಿನ್ನತ್ರಾನೇ ಇರ್ಲಿ ಅಂತವ್ನೆ. ನನ್ ಕಣ್ಣಿಗ್ ಬೀಳ್ದಂಗೆ ಮಡೀಕೋ. ಈಗ ಎಲೆ ಹಾಕು, ಹಸಿವು.”

ಸಂಜೆ ಬಟ್ಟೆ, ಚಪ್ಪಲಿಗಳಷ್ಟೇ ನೀರಿಗೆ ಹೋದವು. ಮರುದಿನ ಬೆಳಿಗ್ಗೆ ಲೋಟದ ನೀರು ಬದಲಿಸಿ, ಅದನ್ನು ಅಡುಗೆಮನೆಯ ಮೇಲಿನ ಗೂಡಿನಲ್ಲಿ, ಕಾಫಿಪುಡಿ ಡಬ್ಬದ ಹಿಂದೆ ಕೂರಿಸಿದೆ.